ದೆವ್ವ ಎರವಲು, ಭಯ ಸ್ವಂತ

ಕನ್ನಡದ ಚಿತ್ರಮಂದಿರಗಳು ಯಾಕೆ ಖಾಲಿಯಾದವು ಎಂಬ ಮಾತು ಬಂದಾಗಲೆಲ್ಲ ಮೊದಲು ಕಟಕಟೆ ಹತ್ತುವುದು ರೀಮೇಕ್. ಅದರಲ್ಲೂ ಪಕ್ಕದ ಭಾಷೆಗಳಿಂದ ತಂದ ದೆವ್ವದ ಚಿತ್ರಗಳ ಮೇಲೆ ಸಿಟ್ಟು ಜಾಸ್ತಿ. ಅದೇ ಹಾಳು ಬಂಗಲೆ, ಅದೇ ಬೀಗ ಜಡಿದ ಕೋಣೆ, ಅದೇ ಗೆಜ್ಜೆ ಸದ್ದು ತೋರಿಸಿ ತೋರಿಸಿ ಪ್ರೇಕ್ಷಕರನ್ನು ಓಡಿಸಿದರು ಎಂಬುದು ಆರೋಪ. ತುಮಕೂರು ಸೀಮೆಯ ಮನರಂಜನೆಯ ಇತಿಹಾಸವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಆರೋಪ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಗೊತ್ತಿದ್ದ ಕಥೆಯನ್ನೇ ಮತ್ತೆ ನೋಡಲು ದುಡ್ಡು ಕೊಟ್ಟು ಬಂದ ಜನರಿಂದಲೇ ಇಲ್ಲಿಯ ರಂಗವೂ ಬದುಕಿತು, ತೆರೆಯೂ ಬದುಕಿತು. ಟಾಕೀಸುಗಳ ಬಾಗಿಲು ಹಾಕಿಸಿದ ಕಾರಣ ಬೇರೆ ಇದೆ. ಅದೇ ಕಾರಣ ರೀಮೇಕನ್ನೂ ಮುಗಿಸಿತು.

ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಮುಂದೆ ಅದನ್ನು ನಾಡಿನ ಅತಿ ದೊಡ್ಡ ಕಂಪನಿಯಾಗಿ ಬೆಳೆಸಿದವರು ಗುಬ್ಬಿ ವೀರಣ್ಣ. ಆ ಕಂಪನಿಯ ಡೇರೆಗೆ ನುಗ್ಗಿದ ಜನಕ್ಕೆ ಕಥೆ ಹೊಸದಾಗಿರಲಿಲ್ಲ. ‘ಸದಾರಮೆ’ಯ ಕಳ್ಳ ಏನು ಮಾಡುತ್ತಾನೆ, ‘ಕುರುಕ್ಷೇತ್ರ’ದಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಗೊತ್ತಿಲ್ಲದವರು ಅಲ್ಲಿ ಯಾರಿದ್ದರು? 1930ರ ದಶಕದಲ್ಲಿ ಕುರುಕ್ಷೇತ್ರಕ್ಕೆ ವೀರಣ್ಣ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಜನ ನೋಡಲು ಬಂದದ್ದು ಆ ಸಲದ ಕುರುಕ್ಷೇತ್ರವನ್ನು, ಆ ಸಲದ ವೇಷವನ್ನು, ಆ ಸಲದ ಮಟ್ಟುಗಳನ್ನು. ಸಿನಿಮಾಕ್ಕೂ ಇದೇ ಬುನಾದಿ. ಮೂಕಿ ಕಾಲದಲ್ಲೇ ‘ಹರಿಮಾಯಾ’ದಂಥ ಚಿತ್ರ ತೆಗೆದ ವೀರಣ್ಣನವರ ‘ಸದಾರಮೆ’ 1935ರಲ್ಲಿ ತೆರೆಗೆ ಬಂತು. ಅದಕ್ಕೆ ಒಂದು ವರ್ಷ ಮೊದಲು ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಇದೇ ತುಮಕೂರು ಸೀಮೆಯವರು, ಗುಬ್ಬಿ ಕಂಪನಿಯ ನಾಟಕಕಾರರು. ‘ಬೇಡರ ಕಣ್ಣಪ್ಪ’ನೂ ಕಂಪನಿ ನಾಟಕವಾಗಿದ್ದು 1954ರಲ್ಲಿ ಸಿನಿಮಾ ಆಯಿತು, ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿತು, ಬೆನ್ನಿಗೇ ತೆಲುಗಿಗೆ ‘ಕಾಳಹಸ್ತಿ ಮಹಾತ್ಮ್ಯಂ’ ಎಂದೂ ಹಿಂದಿಗೆ ‘ಶಿವಭಕ್ತ’ ಎಂದೂ ಹೋಯಿತು. ರೀಮೇಕ್ ಕನ್ನಡಕ್ಕೆ ತಡವಾಗಿ ಅಂಟಿದ ರೋಗ ಎನ್ನುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಡ್ರಾಮಾ ಮೇಷ್ಟ್ರನ್ನು ಇಟ್ಟುಕೊಂಡು, ಸೀನರಿ ಬಾಡಿಗೆಗೆ ತಂದು, ಜಾತ್ರೆಗೋ ಹಬ್ಬಕ್ಕೋ ಅದೇ ಕುರುಕ್ಷೇತ್ರ ಆಡುತ್ತಾರೆ. ಬೆಳಗಿನ ಜಾವದವರೆಗೆ ಜನ ಕೂತು ನೋಡುತ್ತಾರೆ.

ಟೆಂಟ್ ಸಿನಿಮಾ ಈ ರೂಢಿಯ ಮೇಲೆಯೇ ಎದ್ದು ನಿಂತಿತು. ಹಳೆ ಮೈಸೂರಿನ ಊರೂರುಗಳಲ್ಲಿ ಹೊತ್ತು ಮುಳುಗುವ ವೇಳೆಗೆ ಟೆಂಟಿನ ಲೌಡ್‌ಸ್ಪೀಕರಿನಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಕೇಳಿಬಂದರೆ ಆಟ ಶುರುವಾಗುತ್ತದೆ ಎಂದು ಅರ್ಥ. ಹೊಲದಲ್ಲಿದ್ದವರು ಕೈಕಾಲು ತೊಳೆದುಕೊಂಡು ಹೊರಡುತ್ತಿದ್ದರು. ಬಟ್ಟೆಯ ಚಾವಣಿಯಡಿ ಹಗಲಲ್ಲಿ ಬೊಂಬೆ ಕಾಣದು, ಹಾಗಾಗಿ ಇದ್ದದ್ದು ಫಸ್ಟ್ ಶೋ, ಸೆಕೆಂಡ್ ಶೋ ಎರಡೇ. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು ದರ, ಕುರ್ಚಿಗೆ ಒಂದು ದರ. ಅಲ್ಲಿ ಆಡುತ್ತಿದ್ದ ಚಿತ್ರ ಬೆಂಗಳೂರಿನ ಗಾಂಧಿನಗರದಲ್ಲಿ ಬಿಡುಗಡೆಯಾಗಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದಿರುತ್ತಿದ್ದವು. ಮೊದಲು ಬೆಂಗಳೂರಿನ ಮೆಜೆಸ್ಟಿಕ್, ಆಮೇಲೆ ಜಿಲ್ಲಾ ಕೇಂದ್ರ, ಆಮೇಲೆ ತಾಲ್ಲೂಕು, ಕೊನೆಗೆ ಟೆಂಟು. ರೀಲಿನ ಡಬ್ಬಗಳು ಈ ಸರದಿಯಲ್ಲೇ ಪ್ರಯಾಣ ಮಾಡಬೇಕಿತ್ತು. ಗೀರು ಬಿದ್ದ ಪ್ರಿಂಟು, ನಡುವೆ ಕತ್ತರಿಸಿ ಹೋದ ಹಾಡು ಯಾರನ್ನೂ ತಡೆಯಲಿಲ್ಲ. ಈ ಸರದಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನನ್ನ ವಾದವೆಲ್ಲ ಇದರ ಮೇಲೆ ನಿಂತಿದೆ. ಒಂದೂರಿಗೂ ಇನ್ನೊಂದೂರಿಗೂ ನಡುವೆ ಕಾಲದ ಅಂತರವಿತ್ತು. ಆ ಅಂತರವೇ ಸಣ್ಣ ಊರಿನ ಟಾಕೀಸಿನ ಅನ್ನವಾಗಿತ್ತು.

ಭಾಷೆಗೂ ಭಾಷೆಗೂ ನಡುವೆ ಇಂಥದೇ ಇನ್ನೊಂದು ಅಂತರವಿತ್ತು. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಮುಂದೆ ನಿಂತು ನಡೆಸಿದ ಚಳವಳಿಯ ಫಲವಾಗಿ ಕನ್ನಡದಲ್ಲಿ ಡಬ್ಬಿಂಗ್ ನಿಂತಿತು. ಕಾನೂನಿನ ಬಲವಿಲ್ಲದಿದ್ದರೂ ಚಿತ್ರರಂಗದ ಒಗ್ಗಟ್ಟಿನ ಬಲದಿಂದ ಆ ತಡೆ ಸುಮಾರು ಅರ್ಧ ಶತಮಾನ ಉಳಿಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪೆಂದು ಆದೇಶ ಹೊರಡಿಸಿದ ಮೇಲೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಮಲಯಾಳಂ ಕಥೆಯೊಂದು ಗುಬ್ಬಿಯ ರೈತನಿಗೋ ಕುಣಿಗಲ್ಲಿನ ಅಂಗಡಿಯವನಿಗೋ ಅವನದೇ ಮಾತಿನಲ್ಲಿ ತಲುಪಬೇಕಾದರೆ ಅದನ್ನು ಕನ್ನಡದ ನಟರನ್ನಿಟ್ಟುಕೊಂಡು ಹೊಸದಾಗಿ ತೆಗೆಯುವುದೊಂದೇ ದಾರಿ. ರೀಮೇಕನ್ನು ಬೈಯುತ್ತಿದ್ದವರೂ ಡಬ್ಬಿಂಗನ್ನು ತಡೆದವರೂ ಎಷ್ಟೋ ಸಲ ಒಂದೇ ವೇದಿಕೆಯ ಮೇಲಿದ್ದರು. ಒಂದು ದಾರಿಯನ್ನು ಮುಚ್ಚಿದ್ದರಿಂದಲೇ ಇನ್ನೊಂದು ದಾರಿ ಅಗಲವಾಯಿತು ಎಂಬುದನ್ನು ಅವರು ಒಪ್ಪಲಿಲ್ಲ. ಡಬ್ಬಿಂಗ್ ತಡೆದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅದರಿಂದ ಸಾವಿರಾರು ಕಲಾವಿದರ, ತಂತ್ರಜ್ಞರ ಬದುಕು ಉಳಿಯಿತು. ಆದರೆ ರೀಮೇಕ್ ಆ ತಡೆಯ ಕೂಸು, ಬರಿಯ ಸೋಮಾರಿತನದ್ದಲ್ಲ.

ಆ ಕೂಸುಗಳಲ್ಲಿ ಎಲ್ಲರಿಗೂ ಗೊತ್ತಿರುವುದು 2004ರ ಆಗಸ್ಟ್‌ನಲ್ಲಿ ಬಂದ ‘ಆಪ್ತಮಿತ್ರ’. ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಕೇರಳದ ಆಲುಮ್ಮೂಟ್ಟಿಲ್ ಮನೆತನದ ಹಳೆಯ ದುರಂತವೊಂದರ ನೆನಪಿನಿಂದ ಮಧು ಮುಟ್ಟಂ ಬರೆದ ಕಥೆಯನ್ನು ಫಾಸಿಲ್ ನಿರ್ದೇಶಿಸಿದ್ದರು. ಕನ್ನಡಕ್ಕೆ ತಂದವರು ಪಿ. ವಾಸು, ನಿರ್ಮಾಪಕರು ದ್ವಾರಕೀಶ್, ನಾಯಕ ವಿಷ್ಣುವರ್ಧನ್. ಇಲ್ಲಿ ಒಂದು ಸಣ್ಣ ಬದಲಾವಣೆಯನ್ನು ಹತ್ತಿರದಿಂದ ನೋಡಬೇಕು. ಮಲಯಾಳಂನಲ್ಲಿ ನಾಯಕಿಯೊಳಗೆ ಹೊಕ್ಕ ನರ್ತಕಿ ನಾಗವಲ್ಲಿ ತಂಜಾವೂರಿನವಳು, ಆಡುವ ಮಾತು ತಮಿಳು. ಕನ್ನಡದ ನಾಗವಲ್ಲಿ ತೆಲುಗಿನವಳಾದಳು. ‘ರಾ ರಾ’ ಎಂದು ಕರೆದದ್ದು ತೆಲುಗಿನಲ್ಲಿ. ಮೂರು ವರ್ಷದ ಮೇಲೆ ಹಿಂದಿಯ ‘ಭೂಲ್ ಭುಲೈಯಾ’ದಲ್ಲಿ ಅದೇ ಜಾಗಕ್ಕೆ ಬಂಗಾಳಿ ನರ್ತಕಿ ಬಂದಳು. ಪಾವಗಡದ ಕಡೆ ಮನೆಮಾತೇ ತೆಲುಗಾಗಿರುವ, ಸಂತೆಯಲ್ಲಿ ಬಸ್ಸಿನಲ್ಲಿ ತೆಲುಗು ಕಿವಿಗೆ ಬೀಳುತ್ತಲೇ ಇರುವ ತುಮಕೂರು ಜಿಲ್ಲೆಯ ನೋಡುಗನಿಗೆ ಆ ದೆವ್ವ ಪೂರ್ತಿ ಪರಕೀಯಳೂ ಅಲ್ಲ, ಮನೆಯವಳೂ ಅಲ್ಲ. ಮೆತ್ತಗೆ ಕನ್ನಡ ಆಡಿಕೊಂಡಿದ್ದ ಗೃಹಿಣಿಯ ಬಾಯಲ್ಲಿ ಇದ್ದಕ್ಕಿದ್ದಂತೆ ಅರ್ಧ ತಿಳಿದು ಅರ್ಧ ತಿಳಿಯದ ಮಾತು ಹೊರಟಾಗ ಆಗುವ ಭಯವನ್ನು ಮಕ್ಕಿಕಾಮಕ್ಕಿ ನಕಲು ಹುಟ್ಟಿಸಲಾರದು. ಅದಕ್ಕೆ ಕೂತು ಯೋಚಿಸಿರಬೇಕು. ಇನ್ನೊಂದು ಸಂಗತಿಯನ್ನಂತೂ ಯಾರೂ ಯೋಚಿಸಿ ಮಾಡಿದ್ದಲ್ಲ: ನಾಯಕಿ ಸೌಂದರ್ಯ ಅದೇ ವರ್ಷದ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಜನ ತೆರೆಯ ಮೇಲೆ ಕಂಡದ್ದು ಇಲ್ಲವಾದ ಹೆಣ್ಣುಮಗಳನ್ನು, ಅದೂ ಸತ್ತವಳೊಬ್ಬಳು ಮೈಮೇಲೆ ಬಂದಂತೆ ಕುಣಿಯುವುದನ್ನು. ಚಿತ್ರ ತಿಂಗಳುಗಟ್ಟಲೆ ಓಡಿತು. ವಾಸು ಅದನ್ನೇ ತಮಿಳಿಗೆ ‘ಚಂದ್ರಮುಖಿ’ಯಾಗಿ ಒಯ್ದಾಗ ಚೆನ್ನೈಯ ಶಾಂತಿ ಚಿತ್ರಮಂದಿರದಲ್ಲಿ 800 ದಿನ ದಾಟಿತು. ರೀಮೇಕ್ ಪ್ರೇಕ್ಷಕರನ್ನು ಓಡಿಸುತ್ತದೆ ಎನ್ನುವವರು ಈ ಎರಡು ಚಿತ್ರಗಳಿಗೆ ಮೊದಲು ಉತ್ತರ ಕೊಡಬೇಕು.

ಕೊಡುವ ಉತ್ತರ ಹೀಗಿರುತ್ತದೆ: ಒಂದು ಆಪ್ತಮಿತ್ರದ ಹಿಂದೆ ಎಷ್ಟೋ ಕಳಪೆ ನಕಲುಗಳು ಬಂದವು; ಸ್ವಂತ ಕಥೆ ಹೇಳಿದಾಗ ಮಾತ್ರ ಜನ ಮರಳಿದರು. ಮೊದಲ ಭಾಗ ನಿಜ. ‘ಕಾಂಚನ’ದಿಂದ ‘ಕಲ್ಪನಾ’, ‘ಯಾಮಿರುಕ್ಕ ಬಯಮೇ’ಯಿಂದ ‘ನಮೋ ಭೂತಾತ್ಮ’, ‘ಮಾಯಾ’ದಿಂದ ‘ಆಕೆ’, ಥಾಯ್ ಚಿತ್ರ ‘ಅಲೋನ್’ನಿಂದ ‘ಚಾರುಲತಾ’. 2012ರಿಂದ 2017ರೊಳಗೆ ಬಂದ ಈ ಸಾಲಿನಲ್ಲಿ ಯಾವುದೂ ಆಪ್ತಮಿತ್ರದ ಹತ್ತಿರ ಸುಳಿಯಲಿಲ್ಲ. ಎರಡನೆಯ ಭಾಗಕ್ಕೆ ‘ಕಾಂತಾರ’ವನ್ನೂ 2025ರ ‘ಸು ಫ್ರಮ್ ಸೋ’ವನ್ನೂ ಸಾಕ್ಷಿ ಕರೆಯುತ್ತಾರೆ. ಸೋಮೇಶ್ವರದ ಸುಲೋಚನಳ ದೆವ್ವದ ಸುತ್ತ ಹೆಣೆದ ಆ ಸಣ್ಣ ಚಿತ್ರಕ್ಕೆ ಜನ ಮುಗಿಬಿದ್ದದ್ದನ್ನು ಎಲ್ಲರೂ ಕಂಡಿದ್ದಾರೆ. ಸ್ವಂತ ಕಥೆಯ ಮೇಲ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ, ಸರ್ಕಾರ ಸಹಾಯಧನವನ್ನು ರೀಮೇಕ್‌ಗೆ ಕೊಡದೆ ಸ್ವಂತ ಕಥೆಗೆ ಮೀಸಲಿಟ್ಟದ್ದೂ ಸರಿಯೇ. ಆದರೆ 2004ರಲ್ಲಿ ತುಮಕೂರಿನ ಟಾಕೀಸಿಗೆ ಬಂದ ಬಹುಪಾಲು ಮಂದಿ ಮಣಿಚಿತ್ರತಾಳ್ ನೋಡಿರಲಿಲ್ಲ. ಅವರ ಪಾಲಿಗೆ ಆಪ್ತಮಿತ್ರವೇ ಮೂಲ. ಸುಲೋಚನಳ ಚಿತ್ರಕ್ಕೆ ಬಂದವರಿಗೆ ಸಿಕ್ಕಿದ ಮೊದಲ ನೋಟದ ರೋಮಾಂಚನವೇ ಅವರಿಗೂ ಸಿಕ್ಕಿತ್ತು. 2017ರ ‘ಆಕೆ’ಯ ಹೊತ್ತಿಗೆ ಮೂಲ ತಮಿಳು ಚಿತ್ರ ಎಲ್ಲರ ಜೇಬಿನ ಮೊಬೈಲಿಗೇ ಬರುವ ಕಾಲವಾಗಿತ್ತು. ರೀಮೇಕ್ ಮಾಡುವವರ ಬುದ್ಧಿ ಆ ಹದಿಮೂರು ವರ್ಷಗಳಲ್ಲಿ ಅಷ್ಟು ಕೆಟ್ಟಿತು ಎನ್ನುವುದಕ್ಕಿಂತ, ರೀಮೇಕಿಗೆ ಅರ್ಥ ಕೊಟ್ಟಿದ್ದ ಅಂತರ ಅಳಿಸಿಹೋಯಿತು ಎನ್ನುವುದೇ ಹೆಚ್ಚು ನಿಜ. ನಮ್ಮದೇ ‘ಯೂ ಟರ್ನ್’ ಇದಕ್ಕೆ ತಿರುಗುಮುರುಗಾದ ಸಾಕ್ಷಿ. ಪವನ್ ಕುಮಾರ್ 2016ರಲ್ಲಿ ಕನ್ನಡದಲ್ಲಿ ತೆಗೆದ ಆ ಚಿತ್ರ ತಮಿಳು, ತೆಲುಗು ದಾಟಿ ಫಿಲಿಪ್ಪೀನ್ಸ್‌ವರೆಗೂ ಹೋಯಿತು. 2023ರಲ್ಲಿ ಹಿಂದಿಗೆ ಬಂದಾಗ ಚಿತ್ರಮಂದಿರದ ಮೆಟ್ಟಿಲನ್ನೇ ಹತ್ತದೆ ನೇರ ಓಟಿಟಿಗೆ ಇಳಿಯಿತು.

ಭಯದ ಚಿತ್ರ ಮನೆಯಲ್ಲೇ ಚೆನ್ನ, ಒಬ್ಬರೇ ಕತ್ತಲಲ್ಲಿ ನೋಡಿದರೆ ಇನ್ನೂ ಚೆನ್ನ ಎಂಬ ಮಾತೂ ಇದೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ದೆವ್ವದ ಭಯ ಎಂದೂ ಒಂಟಿ ಮನುಷ್ಯನ ಅನುಭವವಾಗಿ ಬೆಳೆದದ್ದಲ್ಲ. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವವನ್ನು ಮರಳಿ ಕಳಿಸಲು ಕರ್ನಾಟಕದ ಊರುಗಳಲ್ಲಿ ಮನೆಮನೆಯ ಗೋಡೆಯ ಮೇಲೂ ‘ನಾಳೆ ಬಾ’ ಎಂದು ಬರೆದರು; ಓಣಿಗೆ ಓಣಿಯೇ ಹೆದರಿತು, ಓಣಿಯೇ ಉಪಾಯ ಹುಡುಕಿತು. ಆ ನಂಬಿಕೆಯ ಎಳೆಯನ್ನೇ ಹಿಡಿದು ಹಿಂದಿಯಲ್ಲಿ 2018ರ ‘ಸ್ತ್ರೀ’ ಬಂತು. ಅದರ ಎರಡನೆಯ ಭಾಗ 2024ರ ಆಗಸ್ಟ್‌ನಲ್ಲಿ, ಹಿಂದಿ ಚಿತ್ರರಂಗ ಖಾಲಿ ಕುರ್ಚಿಗಳ ಬಗ್ಗೆ ಗೋಳಾಡುತ್ತಿದ್ದ ಹೊತ್ತಿನಲ್ಲಿ, ಆ ವರ್ಷದ ಬಹುದೊಡ್ಡ ಗಳಿಕೆಯ ಹಿಂದಿ ಚಿತ್ರಗಳ ಸಾಲಿಗೆ ಸೇರಿತು. ಅದೇ ತಿಂಗಳು ಕೇರಳದಲ್ಲಿ 31 ವರ್ಷ ಹಳೆಯ ಮಣಿಚಿತ್ರತಾಳ್ ಹೊಸ 4ಕೆ ಪ್ರತಿಯಲ್ಲಿ ಮರುಬಿಡುಗಡೆಯಾದಾಗ, ಟೀವಿಯಲ್ಲಿ ಮತ್ತೆ ಮತ್ತೆ ನೋಡಿದ್ದವರೂ ಟಿಕೆಟ್ ಕೊಂಡು ಒಳಗೆ ಹೋದರು. ಯಾವ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಪಕ್ಕದವರು ಚೀರುವುದು, ಹಿಂದಿನ ಸಾಲಿನವರು ನಗುವುದು, ಬೆಚ್ಚಿದವರು ಬೆಚ್ಚಿದ್ದಕ್ಕೆ ತಾವೇ ನಾಚುವುದು, ಇವೆಲ್ಲ ಇಲ್ಲದೆ ದೆವ್ವದ ಚಿತ್ರ ಅರ್ಧ ಮಾತ್ರ.

ಹಾಗಾದರೆ ಸಣ್ಣ ಊರಿನ ಟಾಕೀಸು ಸತ್ತದ್ದು ಹೇಗೆ? ಆಪ್ತಮಿತ್ರ ಬಂದ ವರ್ಷವೇ ಬೆಂಗಳೂರಿನ ಫೋರಂ ಮಾಲ್‌ನಲ್ಲಿ 11 ಪರದೆಗಳ ಮಲ್ಟಿಪ್ಲೆಕ್ಸ್ ಶುರುವಾಯಿತು. ಒಂದೇ ದೊಡ್ಡ ಹಾಲಿನಲ್ಲಿ ಎಲ್ಲ ದರ್ಜೆಯವರೂ ಕೂರುತ್ತಿದ್ದ ಪದ್ಧತಿ ಮುರಿಯಲು ಮೊದಲಾಯಿತು. ಅದರ ಬೆನ್ನಿಗೆ ಡಿಜಿಟಲ್ ಪ್ರದರ್ಶನ ಬಂತು. ಪ್ರಿಂಟಿನ ಖರ್ಚಿಲ್ಲದ್ದರಿಂದ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಚಿತ್ರ ತಾಲ್ಲೂಕಿಗೂ ಸಿಕ್ಕಿತು. ಇದು ವರವೆಂದು ಪ್ರದರ್ಶಕರು ಹಿಗ್ಗಿದ್ದು ಸಹಜ. ಆದರೆ ಎಲ್ಲ ಊರುಗಳಲ್ಲೂ ಒಂದೇ ಶುಕ್ರವಾರ ಬಿದ್ದ ಚಿತ್ರ ಎರಡನೆಯ ವಾರಕ್ಕೆ ಎಲ್ಲ ಊರುಗಳಲ್ಲೂ ಹಳತಾಯಿತು. ಬಾಯಿಮಾತಿನಿಂದ ನಿಧಾನವಾಗಿ ಏರುವ, ನೂರನೇ ದಿನದ ತೋರಣ ಕಟ್ಟುವ ಓಟಕ್ಕೆ ಕಾಲವೇ ಉಳಿಯಲಿಲ್ಲ. ಬಾಡಿಗೆಯೋ ಶೇಕಡಾವಾರೋ ಎಂಬ ನಿರ್ಮಾಪಕ–ಪ್ರದರ್ಶಕರ ಜಗಳ ಕಾವೇರಿದ್ದು, ಹಂಚಿಕೊಳ್ಳಲು ಉಳಿದ ವಾರಗಳು ಕಡಿಮೆಯಾದ್ದರಿಂದ. ಊರ ನಡುವಿನ ಮುಖ್ಯರಸ್ತೆಯ ಜಾಗಕ್ಕೆ ಚಿನ್ನದ ಬೆಲೆ ಬಂದಾಗ ಮಾಲೀಕರು ಲೆಕ್ಕ ಹಾಕಿದರು. ಕಲ್ಯಾಣಮಂಟಪವೋ ಮಳಿಗೆ ಸಾಲೋ ಹೆಚ್ಚು ತರುತ್ತದೆ ಎಂದು ಕಂಡಿತು. ಬೆಂಗಳೂರಿನ ಕಪಾಲಿಯಂಥ ಸಾವಿರಕ್ಕೂ ಹೆಚ್ಚು ಕುರ್ಚಿಗಳ ಚಿತ್ರಮಂದಿರವೇ ಉಳಿಯಲಿಲ್ಲ ಎಂದ ಮೇಲೆ ತಾಲ್ಲೂಕಿನವರನ್ನು ದೂರುವುದು ಹೇಗೆ? 2020ರ ಮಾರ್ಚ್‌ನಲ್ಲಿ ಕೋವಿಡ್ಡಿಗೆಂದು ಹಾಕಿದ ಬೀಗ ಉಳಿದ ಹಲವು ಮಂದಿರಗಳಲ್ಲಿ ಮತ್ತೆ ತೆಗೆಯಲೇ ಇಲ್ಲ.

ಟಾಕೀಸಿನ ಇಂದಿನ ಸ್ಥಾನ ಏನೆಂದು ತಿಳಿಯಲು ಗುಬ್ಬಿಯನ್ನೇ ನೋಡಿ. ಆ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ಇಷ್ಟು ದೊಡ್ಡ ಉದ್ಯಮ ಐವತ್ತು ವರ್ಷ ಹಿಂದೆ ಬಂದಿದ್ದರೆ ಆಸುಪಾಸಿನಲ್ಲಿ ಒಂದು ಟೆಂಟಾದರೂ ಏಳುತ್ತಿತ್ತು, ಸಂಜೆಯ ಪಾಳಿ ಮುಗಿಸಿದವರು ಸೆಕೆಂಡ್ ಶೋಗೆ ಹೋಗುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ. ಇಂದು ಹೊಸ ಜನವಸತಿಗೆ ಟಾಕೀಸು ಬೇಕೆಂಬ ಯೋಚನೆಯೇ ಯಾರಿಗೂ ಹೊಳೆಯುವುದಿಲ್ಲ. ಇನ್ನು ಪರಿಹಾರದ ಮಾತು. ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ನಿಯಮ ತಂದಿತು, ಕೆಲವೇ ದಿನಗಳಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ನಿಯಮ ಉಳಿದರೂ ಅದು ಮಲ್ಟಿಪ್ಲೆಕ್ಸಿನ ಗಿರಾಕಿಗೆ ಸಂಬಂಧಿಸಿದ್ದು. ಅದಕ್ಕಿಂತ ಕಡಿಮೆ ದರಕ್ಕೇ ಟಿಕೆಟ್ ಹರಿಯುವ ತಾಲ್ಲೂಕಿನ ಒಂಟಿ ಪರದೆಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂಥ ಟಾಕೀಸಿಗೆ ಬೇಕಾದದ್ದು ಕಳೆದುಹೋದ ಅಂತರ. ಹಿಂದಿ ಚಿತ್ರಗಳು ಓಟಿಟಿಗೆ ಹೋಗುವ ಮುನ್ನ ಎಂಟು ವಾರ ಕಾಯಬೇಕೆಂದು ಮಲ್ಟಿಪ್ಲೆಕ್ಸ್ ಸರಪಳಿಗಳು ಪಟ್ಟುಹಿಡಿದು ಸಾಧಿಸಿಕೊಂಡಿವೆ. ಕನ್ನಡ ಚಿತ್ರಗಳಿಗೂ ಅಂಥ ಅವಧಿಯನ್ನು ಗಟ್ಟಿ ಮಾಡಿ, ಅದರ ಕೊನೆಯ ಕೆಲವು ವಾರಗಳನ್ನು ಕಡಿಮೆ ಬಾಡಿಗೆಯ ಮೇಲೆ ಗುಬ್ಬಿ, ಕುಣಿಗಲ್, ಶಿರಾದಂಥ ಊರುಗಳಿಗೆ ಬಿಟ್ಟುಕೊಟ್ಟರೆ ಹಳೆಯ ಸರದಿಯ ಒಂದು ಚೂರಾದರೂ ಮರಳುತ್ತದೆ. ಚಲನಚಿತ್ರ ವಾಣಿಜ್ಯ ಮಂಡಳಿಯೂ ನಿರ್ಮಾಪಕರೂ ಓಟಿಟಿ ಕಂಪನಿಗಳ ಜೊತೆ ಕೂತು ಮಾತಾಡಬೇಕಾದ ವಿಷಯ ಇದು.