ಸುಂಕದ ಕಟ್ಟೆಯಲ್ಲಿ ಮೀನು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅವನಿಗೆ ಬೇಕಾದುದು ಎರಡೇ ಮಾತು: ಹೇರಿನಲ್ಲಿರುವುದೇನು, ಅದು ಬಂದಿರುವ ರೂಪ ಯಾವುದು? ಈ ಎರಡನೆಯ ಪ್ರಶ್ನೆಯ ಚರಿತ್ರೆ ಸ್ವಾರಸ್ಯವುಳ್ಳದ್ದು. ಕಡಲಿಲ್ಲದ ಸವದತ್ತಿಯಿಂದ ಹೊರಟು ಕಡಲ ಮೀನಿನ ಡಬ್ಬಿಗೆ ಬರುತ್ತೇನೆಂದರೆ ಓದುಗರು ನಗಬಾರದು.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ರಟ್ಟರ ರಾಜಧಾನಿ. ಮುಂದೆ ಅವರು ವೇಣುಗ್ರಾಮದಿಂದ, ಎಂದರೆ ಬೆಳಗಾವಿಯಿಂದ, ಆಳಿದರು. ಆ ಕಾಲದ ಕನ್ನಡ ಶಾಸನಗಳನ್ನು ತೆರೆದರೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕದ ಹೆಸರುಗಳು ಸಾಲುಗಟ್ಟಿ ನಿಲ್ಲುತ್ತವೆ. ಕೆಲವುಗಳ ಅರ್ಥದ ಬಗೆಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಲೆಕ್ಕ ಮಾತ್ರ ಸರಳ: ಬಂಡಿಗೆ ಒಂದು, ಎತ್ತಿನ ಹೇರಿಗೆ ಒಂದು, ತಲೆಹೊರೆಗೆ ಮತ್ತೊಂದು. ಅಡಕೆಯೋ ಮೆಣಸೋ ಎಣ್ಣೆಯೋ, ಅದನ್ನು ಹೊತ್ತು ತಂದ ಬೆನ್ನು ಯಾವುದೆಂಬುದನ್ನೂ ಸುಂಕದವನು ನೋಡುತ್ತಿದ್ದ. ಇದರಲ್ಲಿ ಒಂದು ಬಗೆಯ ನ್ಯಾಯವಿತ್ತೆಂದು ನನ್ನ ಮತ. ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಬೆಳಗಾವಿಯ ರಟ್ಟ ಜಿನಾಲಯಕ್ಕೆ ಊರ ವರ್ತಕರ ಜೊತೆಗೆ ಲಾಳ, ಮಲೆಯಾಳ ದೇಶದ ವರ್ತಕರೂ ತಮ್ಮ ಸರಕಿನಿಂದ ಆಯ ಬಿಟ್ಟುಕೊಟ್ಟರು. ಅದನ್ನು ಕೆತ್ತಿದ ಕಲ್ಲು ಸುಂಕವಿಲ್ಲದೆಯೇ ಕಡಲು ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದೆ! ಶರಣರಲ್ಲಿಯೂ ಒಬ್ಬ ಸುಂಕದ ಬಂಕಣ್ಣನಿದ್ದ. ಬಂಕೇಶ್ವರಲಿಂಗ ಅವನ ಅಂಕಿತ.

1824ರಲ್ಲಿ ಕಿತ್ತೂರು ಕಂಪನಿಯ ಕೈಸೇರಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. 1838ರಲ್ಲಿ ಮುಂಬಯಿ ಇಲಾಖೆಯ ಒಳನಾಡಿನ ಹಾದಿಸುಂಕಗಳು ರದ್ದಾದವು. ರಾಮದುರ್ಗ ಮಾತ್ರ 1948ರವರೆಗೆ ಬೇರೆ ಸಂಸ್ಥಾನವಾಗಿಯೇ ಉಳಿಯಿತು.

ಹಾದಿಯ ಸುಂಕ ಹೋಯಿತು, ಉಪ್ಪಿನ ಕರ ಉಳಿಯಿತು. ಕಡಲ ಮೀನು ಕೆಡದೆ ಘಟ್ಟ ಹತ್ತಬೇಕಾದರೆ ಅದನ್ನು ಒಣಗಿಸಬೇಕು, ಇಲ್ಲವೆ ಉಪ್ಪಿನಲ್ಲಿಡಬೇಕು. ಆದುದರಿಂದ ಉಪ್ಪಿನ ಕರವೆಂದರೆ ಬಡವನ ಮೀನಿನ ಮೇಲಿನ ಕರವೇ. ಇದನ್ನು ಸರಕಾರವೂ ಕಂಡುಕೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೆನರಾ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕುವ ಆವರಣಗಳು ತೆರೆದವು. ಬೇಲಿಯೊಳಗೆ ಅಗ್ಗದ ಉಪ್ಪು. ಹೊರಗೆ ಒಂದು ಹಿಡಿಯನ್ನೂ ಒಯ್ಯುವಂತಿಲ್ಲ. ಮೀನಿನ ಮೈಯೊಳಗೆ ಕುಳಿತು ಹೊರಬಂದರೆ ಅದೇ ಉಪ್ಪಿಗೆ ಅಡ್ಡಿಯಿಲ್ಲ! ಗೋವೆಯ ಕಥೆ ಇದಕ್ಕೂ ವಿಚಿತ್ರ. 1878ರ ಒಪ್ಪಂದದಂತೆ ಅಲ್ಲಿಯ ಉಪ್ಪಿನ ಹತೋಟಿಯನ್ನು ಬ್ರಿಟಿಷರು ಪಡೆದು ಪೋರ್ಚುಗೀಜರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಟ್ಟರು. ಎರಡು ನಾಡುಗಳ ನಡುವಣ ಸುಂಕದ ಗಡಿಯೂ ಮಾಯವಾಯಿತು. 1892ರಲ್ಲಿ ಒಪ್ಪಂದ ಮುಗಿದೊಡನೆ ಗಡಿ ಮತ್ತೆ ಎದ್ದು ನಿಂತಿತು. 1961ರಲ್ಲಿ ಗೋವೆ ಬಿಡುಗಡೆಯಾಗುವ ಮುನ್ನ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಪ್ರಯಾಣಿಕರ ಗಂಟುಮೂಟೆಗಳನ್ನು ಬಿಚ್ಚಿಸುತ್ತಿದ್ದರು.

ಇನ್ನು ಡಬ್ಬಿ. ನಮ್ಮ ಈಗಿನ ಸುಂಕಪಟ್ಟಿ 1975ರ ಕಾಯಿದೆಯದು. 1986ರಲ್ಲಿ ಅದನ್ನು ಅಂತರರಾಷ್ಟ್ರೀಯ ವಿಂಗಡಣೆಗೆ ಹೊಂದಿಸಿದರು. ಅದರಲ್ಲಿ ಹಸಿ ಮೀನು, ಹಿಮಗಟ್ಟಿಸಿದ ಮೀನು, ಒಣಮೀನು, ಉಪ್ಪುಮೀನು, ಹೊಗೆಯಾಡಿಸಿದ ಮೀನು ಎಲ್ಲವೂ 3ನೆಯ ಅಧ್ಯಾಯದವು. ಅದೇ ಮೀನನ್ನು ಎಣ್ಣೆಯಲ್ಲಿಟ್ಟು, ಡಬ್ಬಿ ಮುಚ್ಚಿ, ಕಾಯಿಸಿ ಕೆಡದಂತೆ ಮಾಡಿದರೆ ಅದು 16ನೆಯ ಅಧ್ಯಾಯಕ್ಕೆ ನೆಗೆಯುತ್ತದೆ. ಜಾತಿ ಬದಲಾಗಲಿಲ್ಲ, ಸಂಸ್ಕಾರ ಬದಲಾಯಿತು. ಅನ್ನದೊಡನೆಯೋ ತರಕಾರಿಯೊಡನೆಯೋ ಕಲಸಿದ್ದರೆ ತೂಕ ಮಾಡಬೇಕು: ಮೀನು ನೂರಕ್ಕೆ 20ಕ್ಕಿಂತ ಹೆಚ್ಚಿದ್ದರೆ ಅದೇ 16ನೆಯ ಅಧ್ಯಾಯ. ಸಾರಿಗೆ ಮಾತ್ರ ಈ ತಕ್ಕಡಿಯಿಲ್ಲ. ಅದಕ್ಕೆ ಬೇರೆ ಮನೆಯಿದೆ.

ಹೆಸರಿನ ತಕರಾರು ಬೇರೆ. ಪೆರುವಿನ ಮೀನನ್ನು ಡಬ್ಬಿಯ ಮೇಲೆ ಸಾರ್ಡೀನ್ ಎಂದು ಕರೆಯಬಾರದೆಂದು ಯುರೋಪು ಹಟ ಹಿಡಿದಾಗ ವಿಶ್ವ ವಾಣಿಜ್ಯ ಸಂಸ್ಥೆ 2002ರಲ್ಲಿ ಪೆರುವಿನ ಪರ ತೀರ್ಪಿತ್ತಿತು. ಸುಂಕಪಟ್ಟಿ ಇಷ್ಟು ಜಿಪುಣವಲ್ಲ. ಡಬ್ಬಿಯ ಸಾರ್ಡೀನಿನ ಸಾಲಿನಲ್ಲಿಯೇ ಅದು ಸಾರ್ಡಿನೆಲ್ಲಾ ಮೀನನ್ನೂ ಕೂರಿಸಿದೆ. ಕಾರವಾರದವರ ತಾರ್ಲೆ, ಮಂಗಳೂರವರ ಬೂತಾಯಿ ಈ ಸಾರ್ಡಿನೆಲ್ಲಾ ಕುಲದ್ದೇ. ಮಸಾಲೆ ಹಚ್ಚಿ ಹುರಿದು ಡಬ್ಬಿಗೆ ಹಾಕಿದರೂ ಸುಂಕದ ಮನೆಯಲ್ಲಿ ಅದರ ಹೆಸರು 1604.13.