ನೀರು ಒಂದೇ, ತಲೆ ಮೇಲಿನ ಕೈ ಯಾರದು?

ಹುಲಿಕೆರೆ ಅಂದ್ರೆ ಹಳೇಬೀಡಿಗೆ ಹೋದವರಿಗೆಲ್ಲ ನೆನಪಾಗೋದು ಹೊಯ್ಸಳರ ಕಲ್ಯಾಣಿ. ಇವತ್ತಿನ ಕಥೆ ಅದೇ ಹಾಸನ ಜಿಲ್ಲೆಯದು, ಆದರೆ ಬೇರೆ ನೀರಿನದು: ಪ್ರಾಟೆಸ್ಟಂಟ್ ಚರ್ಚುಗಳ ದೀಕ್ಷಾಸ್ನಾನ.

ಮಗುವಿನ ತಲೆ ಮೇಲೆ ನೀರು ಹಾಕಿ, ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ಸಭೆಗೆ ಸೇರಿಸಿಕೊಳ್ಳೋದು ದೀಕ್ಷಾಸ್ನಾನ. ಆಗ ಮಾತು ಕೊಡೋರು ಅಪ್ಪ-ಅಮ್ಮ. ಮಗು ಬೆಳೆದು, ಪಾಠ ಕಲಿತು, ಆ ಮಾತನ್ನ ತಾನೇ ಸಭೆಯ ಮುಂದೆ ಒಪ್ಪಿಕೊಳ್ಳೋದು ದೃಢೀಕರಣ. ಆಂಗ್ಲಿಕನ್ ಚರ್ಚಿನಲ್ಲಿ ಆಗ ತಲೆ ಮೇಲೆ ಕೈ ಇಡಬೇಕಾದವರು ಬಿಷಪ್. ಸಭಾಪಾಲಕರು ಇಟ್ಟರೆ ಸಾಲದು.

ಆದರೆ ಹಾಸನದಲ್ಲಿ ಕೆಲಸ ಮಾಡಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ಊರಿನ ರೆಡ್‌ಫರ್ನ್ ಆಸ್ಪತ್ರೆ ಅವರದೇ ಮಿಷನ್ನಿನದು. ಅವರಲ್ಲಿ ಬಿಷಪ್ಪೇ ಇರಲಿಲ್ಲ! ದೊಡ್ಡವರಾದ ಮಕ್ಕಳನ್ನ ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ತಿದ್ದವರು ಪಾದ್ರಿಗಳೇ.

ಹೀಗಿರುವಾಗ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತಷ್ಟೆ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾದವು. ಹುಟ್ಟಿದ್ದು ದಕ್ಷಿಣ ಭಾರತ ಸಭೆ, ನಾವೆಲ್ಲ ಸಿಎಸ್‌ಐ ಅಂತೀವಲ್ಲ, ಅದು. ಮೈಸೂರಿನ ಮೆಥಡಿಸ್ಟರಿಗೂ ಈಗ ಬಿಷಪ್ ಬಂದರು.

ಪ್ರಶ್ನೆ ಎದ್ದಿದ್ದೇ ಇಲ್ಲಿ. ಬಿಷಪ್ ಕೈ ಇಡದೆ ಸದಸ್ಯರಾದವರು ಅರ್ಧ ಸದಸ್ಯರಾ? ಹೌದು ಅಂದಿದ್ರೆ, ಹಾಸನದಂಥ ಊರುಗಳಲ್ಲಿ ಅಜ್ಜ-ಅಜ್ಜಿಯರು ಇಷ್ಟು ದಿನ ನಂಬಿ ಬದುಕಿದ್ದೇ ಸುಳ್ಳು ಅಂದ ಹಾಗಾಗ್ತಿತ್ತು. ಹೊಸ ಸಭೆ ಹಾಗನ್ನಲಿಲ್ಲ. ಹಳೆಯ ಸದಸ್ಯರೆಲ್ಲ ಪೂರ್ಣ ಸದಸ್ಯರೇ, ಹಳೆಯ ಪಾದ್ರಿಗಳು ಮತ್ತೆ ಅಭಿಷೇಕ ಪಡೆಯಬೇಕಿಲ್ಲ ಅಂತು. ಮುಂದೆ ಪಾದ್ರಿಗಳಿಗೆ ಅಭಿಷೇಕ ಮಾಡೋರು ಬಿಷಪ್ಪರೇ. ಆದರೆ ದೃಢೀಕರಣವನ್ನ ಬಿಷಪ್ಪೂ ಮಾಡಬಹುದು, ಸಭಾಪಾಲಕರೂ ಮಾಡಬಹುದು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಇಂದಿನ ಆಂಧ್ರದ ನಂದ್ಯಾಲದಲ್ಲಿ ಆಂಗ್ಲಿಕನ್ನರ ದೊಡ್ಡ ಗುಂಪೊಂದು ವರ್ಷಗಟ್ಟಲೆ ಹೊರಗೇ ಉಳಿಯಿತು. ಬಿಷಪ್ಪರ ಪರಂಪರೆ ಇಲ್ಲದೆ ಸಂಸ್ಕಾರ ಪೂರ್ತಿಯಾಗಲ್ಲ ಅನ್ನೋದು ಅವರಿಗೆ ಹಟ ಅಲ್ಲ, ನಂಬಿಕೆ.

ಇವತ್ತು ಸಿಎಸ್‌ಐ ಚರ್ಚಿನಲ್ಲಿ ದೃಢೀಕರಣಕ್ಕೆ ಬಿಷಪ್ ಬಂದರೆ ಊರಿಗೇ ಹಬ್ಬ. ಅವರು ಬರದೇ ಹೋದರೂ ಆ ಹುಡುಗ-ಹುಡುಗಿಯರು ಕೊಟ್ಟ ಮಾತಿನ ತೂಕ ಕಡಿಮೆಯಾಗಲ್ಲ. 1947ರಲ್ಲಿ ತೀರ್ಮಾನ ಆಗಿದ್ದು ಇಷ್ಟೇ. ಇಷ್ಟಕ್ಕೇ ಮಾತುಕತೆ ನಡೆದದ್ದು ಮಾತ್ರ ಸುಮಾರು 28 ವರ್ಷ.