ಯರಿ ಮಣ್ಣಿನ ಗಾಯ, ರಾಡ್ ಹಾಕಿದ ಕಾಲು

ನವಲಗುಂದದಿಂದ ಹುಬ್ಬಳ್ಳಿಗೆ ಬರುವ ಮುಂಜಾನೆಯ ಬಸ್ಸಿನಲ್ಲಿ ಕಾಲು ಮುಂದೆ ಚಾಚಿ ಕುಳಿತವರು ಒಬ್ಬರಾದರೂ ಸಿಗುತ್ತಾರೆ. ತೊಡೆಯ ಮೇಲೆ ಬಟ್ಟೆ ಅಂಗಡಿಯ ಚೀಲ, ಚೀಲದಲ್ಲಿ ಎಕ್ಸ್‌ರೇ. ಕೇಳಿದರೆ ‘ರಾಡ್ ಹಾಕ್ಯಾರ್ರಿ’ ಎನ್ನುತ್ತಾರೆ, ಅಷ್ಟೇ. ಅದು ಎಲುಬಿನ ಪೊಳ್ಳಿನೊಳಗೆ ಇಳಿಸಿದ ಮೊಳೆಯೋ, ಮೇಲಿಟ್ಟು ಸ್ಕ್ರೂ ಬಿಗಿದ ಪ್ಲೇಟೋ, ಚರ್ಮದ ಹೊರಗೆ ಕಾಣುವ ಫ್ರೇಮೋ, ಊರ ಮಾತಿನಲ್ಲಿ ಎಲ್ಲವೂ ರಾಡೇ. ಈ ರಾಡಿನವರೆಗೆ ಬಂದ ದಾರಿಯಲ್ಲಿ ಪ್ರತಿ ಹೊಸ ಉಪಾಯವೂ ಒಂದು ತೊಡಕು ಬಿಡಿಸಿ ಮತ್ತೊಂದನ್ನು ಕೈಗಿತ್ತಿದೆ.

ಮೊದಲು ಎಲುಬು ಕಟ್ಟುವವರಿದ್ದರು. ಈಗಲೂ ಇದ್ದಾರೆ. ಬಿದಿರಿನ ದಬ್ಬೆ, ಕೋಳಿತತ್ತಿಯ ಲೋಳೆ, ಹಳೆ ಬಟ್ಟೆಯ ಪಟ್ಟಿ ಅವರ ಸಾಮಾನು. ಅವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಸರಿಯದೆ ಬರೀ ಬಿರುಕು ಬಿಟ್ಟ ಎಲುಬು, ಚಿಕ್ಕ ಮಕ್ಕಳ ಮುಂಗೈ ಎಲುಬು ಅಲುಗದಂತೆ ಇಟ್ಟರೆ ಸಾಕು, ತಾನೇ ಕೂಡಿಕೊಳ್ಳುತ್ತದೆ. ಆಧುನಿಕ ಮೂಳೆವೈದ್ಯದ ಹಿರಿಯರಲ್ಲಿ ಒಬ್ಬನಾದ ಹ್ಯೂ ಓವೆನ್ ಥಾಮಸ್ ಕೂಡ ವೇಲ್ಸ್‌ನ ಎಲುಬು ಕಟ್ಟುವವರ ಮನೆತನದಿಂದ ಬಂದವನು. ಮೊದಲ ಮಹಾಯುದ್ಧದಲ್ಲಿ ತೊಡೆ ಎಲುಬಿಗೆ ಗುಂಡು ಬಿದ್ದ ಸೈನಿಕರಲ್ಲಿ ನೂರಕ್ಕೆ ಸುಮಾರು 80 ಮಂದಿ ಸಾಯುತ್ತಿದ್ದರು. ಅವನ ಹೆಸರಿನ ಕಬ್ಬಿಣದ ಚೌಕಟ್ಟು ಬಳಕೆಗೆ ಬಂದ ಮೇಲೆ ಅದು 16ರ ಸುಮಾರಿಗೆ ಇಳಿಯಿತೆಂದು ಮೂಳೆವೈದ್ಯದ ಪುಸ್ತಕಗಳು ಹೇಳುತ್ತ ಬಂದಿವೆ.

ಕಟ್ಟಿನ ಕೇಡು ಕಾಣುವುದು ಮೊಳಕೈಯಲ್ಲಿ. ಹುಣಸೆ ಮರದಿಂದ ಬಿದ್ದ ಹುಡುಗನ ಮೊಳಕೈ ಮೇಲಿನ ಎಲುಬು ಮುರಿದಿದೆ ಅನ್ನಿ. ಬಿಗಿಯಾಗಿ ಕಟ್ಟಿದರೆ ಒಳಗೆ ಬಾವು ಏರಿ, ರಕ್ತ ಓಡದೆ, ಮುಂಗೈಯ ಸ್ನಾಯು ಸಾಯುತ್ತದೆ. ಬೆರಳು ಕೊಕ್ಕೆಯಂತೆ ಮಡಚಿಕೊಂಡು ಹಾಗೇ ಉಳಿಯುತ್ತವೆ. ಜರ್ಮನಿಯ ಫೋಕ್‌ಮನ್ ಇದನ್ನು 1881ರಲ್ಲೇ ವಿವರಿಸಿದ. ಇನ್ನೊಂದು, ಎಣ್ಣೆ ಹಚ್ಚಿ ತಿಕ್ಕುವುದು. ಪೆಟ್ಟಾದ ಮೊಳಕೈಯನ್ನು ದಿನಾ ತಿಕ್ಕಿ ಜಗ್ಗಿದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಬಿಗಿಯುತ್ತದೆ. ಹಾಗೆಂದು ಆಸ್ಪತ್ರೆಯ ಕಟ್ಟು ನಿರಪರಾಧಿಯಲ್ಲ. ಡಚ್ ಸೇನಾವೈದ್ಯ ಮಥೈಸನ್ 1852ರಲ್ಲಿ ಬಳಕೆಗೆ ತಂದ ಪ್ಲಾಸ್ಟರ್ ಪಟ್ಟಿಯೂ ಬಿಗಿಯಾದರೆ ಇದೇ ಅನಾಹುತ ಮಾಡುತ್ತದೆ. ಕಟ್ಟಿದ ರಾತ್ರಿ ಹುಡುಗ ನಿದ್ದೆಗೆಟ್ಟು ಅತ್ತರೆ, ಬೆರಳು ತಣ್ಣಗಾದರೆ, ಬೆಳಗಾಗುವವರೆಗೆ ಕಾಯಬಾರದು. ಕಟ್ಟಿದವರು ಯಾರೇ ಇರಲಿ.

ಎಲುಬು ಚರ್ಮ ಹರಿದು ಹೊರಗೆ ಬಂದರೆ ಕಥೆಯೇ ಬೇರೆ. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ 11 ವರ್ಷದ ಹುಡುಗನೊಬ್ಬನ ಕಾಲ ಮೇಲೆ ಬಂಡಿಯ ಗಾಲಿ ಹಾಯಿತು. ಆಗಿನ ಕಾಲಕ್ಕೆ ಅಂಥ ಗಾಯವೆಂದರೆ ಕಾಲು ಕತ್ತರಿಸಬೇಕು, ಇಲ್ಲವೇ ಕೊಳೆತು ಸಾಯಬೇಕು. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಮುಚ್ಚಿದ. ಆರು ವಾರಕ್ಕೆ ಕಾಲು ಕೂಡಿತು. ನಮ್ಮ ಕಡೆ ಚಕ್ಕಡಿಯ ಜಾಗಕ್ಕೆ ಕಬ್ಬಿನ ಟ್ರ್ಯಾಕ್ಟರ್, ರಾಶಿ ಮಷಿನ್, ಬೈಕು ಬಂದಿವೆ, ಮಣ್ಣು ಮಾತ್ರ ಅದೇ. ನವಲಗುಂದ, ಅಣ್ಣಿಗೇರಿಯ ಯರಿ ಮಣ್ಣು ಹಸಿಯಾದಾಗ ಕೆರ ಬಿಡುವುದಿಲ್ಲ, ಇನ್ನು ಎಲುಬಿನ ಸಂದಿಗೆ ಹೊಕ್ಕರೆ ಬಿಟ್ಟೀತೇ? ಇದು ಬರೀ ನಮ್ಮ ಅನುಭವವಲ್ಲ. ಗುಸ್ಟಿಲೋ ಮತ್ತು ಆಂಡರ್ಸನ್ 1976ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ವರ್ಗೀಕರಣದಲ್ಲಿ ಹೊಲದ ಮಣ್ಣು ಹೊಕ್ಕ ಗಾಯವನ್ನು, ತೂತು ಎಷ್ಟೇ ಚಿಕ್ಕದಿದ್ದರೂ, ಅತಿ ಕೆಟ್ಟ ಮೂರನೆಯ ದರ್ಜೆಗೇ ಸೇರಿಸುತ್ತಾರೆ. ಅಮೆರಿಕದ ಮಿನಿಯಾಪೊಲಿಸ್‌ನ ಅವರ ಆಸ್ಪತ್ರೆಯಲ್ಲಿ ಮೂರನೆಯ ದರ್ಜೆಯ ಗಾಯಗಳಲ್ಲಿ ನೂರಕ್ಕೆ 44 ಕೀವಾಗುತ್ತಿದ್ದವು. ಗಾಯ ಚೆನ್ನಾಗಿ ತೊಳೆದು, ಸತ್ತ ಮಾಂಸ ಕತ್ತರಿಸಿ, ಆಂಟಿಬಯೋಟಿಕ್ ಕೊಟ್ಟು, ಹೊಲಿಯದೆ ತೆರೆದಿಟ್ಟ ಮೇಲೆ ಅದು 9ಕ್ಕೆ ಇಳಿಯಿತು.

‘ಹೊಲಿಯದೆ’ ಎಂಬಲ್ಲಿ ನಮ್ಮವರಿಗೆ ಸಿಟ್ಟು ಬರುತ್ತದೆ. ‘ಒಂದ್ ಹೊಲಿಗಿ ಸುದ್ದಾ ಹಾಕ್ಲಿಲ್ರಿ, ಹಂಗ ಅರಿವಿ ಸುತ್ತಿ ಹುಬ್ಬಳ್ಳಿಗೆ ಕಳಿಸಿಬಿಟ್ರು’ ಎಂದು ತಾಲೂಕಾಸ್ಪತ್ರೆಯನ್ನು ಬೈಯುವುದನ್ನು ನಾನೇ ಕೇಳಿದ್ದೇನೆ. ಹೊಲಿಯದೆ ಕಳಿಸಿದ ಆ ಡಾಕ್ಟರು ಕಾಲು ಉಳಿಸಿದ್ದರು. ಮಣ್ಣು ಒಳಗಿಟ್ಟು ಅಂದವಾಗಿ ಹೊಲಿದ ಗಾಯವೇ ಮುಂದೆ ವರ್ಷಗಟ್ಟಲೆ ಕೀವು ಸುರಿಸುವುದು. ಆರು ತಾಸಿನೊಳಗೆ ಆಪರೇಷನ್ ಆಗಲೇಬೇಕೆಂಬ ಹಳೆಯ ನಿಯಮ ಈಗ ಸಡಿಲಾಗಿದೆ. ಮೊದಲ ಆಂಟಿಬಯೋಟಿಕ್ ಆದಷ್ಟು ಬೇಗ, ಸಾಧ್ಯವಾದರೆ ಒಂದು ತಾಸಿನೊಳಗೆ, ಬೀಳಬೇಕೆಂಬುದು ಗಟ್ಟಿಯಾಗಿದೆ. ಆ ಇಂಜೆಕ್ಷನ್ನಿಗೆ ಹುಬ್ಬಳ್ಳಿ ಬೇಕಿಲ್ಲ, ತಾಲೂಕಾಸ್ಪತ್ರೆ ಸಾಕು. 2008ರ ನವೆಂಬರ್‌ನಲ್ಲಿ ಶುರುವಾದ 108 ವಾಹನದಿಂದ ಈ ಭಾಗಕ್ಕೆ ಆದ ದೊಡ್ಡ ಉಪಕಾರವೆಂದರೆ, ಮುರಿದ ಕಾಲನ್ನು ಟ್ರ್ಯಾಕ್ಟರ್ ಡಬ್ಬಿಯಲ್ಲಿ ಕುಲುಕಿಸುತ್ತ ತರುವುದು ಕಡಿಮೆಯಾದದ್ದು.

ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು, ಅಂದರೆ ಮುಂದಿನ ಕಿಮ್ಸ್, ಶುರುವಾದದ್ದು 1957ರಲ್ಲಿ. ಮರುವರ್ಷವೇ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರು ‘ಎಒ’ ಎಂಬ ಕೂಟ ಕಟ್ಟಿ, ಪ್ಲೇಟು-ಸ್ಕ್ರೂಗಳಿಂದ ಎಲುಬು ಬಿಗಿದು ರೋಗಿಯನ್ನು ಬೇಗ ಎಬ್ಬಿಸುವ ಪಾಠ ಹೇಳತೊಡಗಿದರು. ಜರ್ಮನಿಯ ಕುಂಚರ್ ತೊಡೆ ಎಲುಬಿನೊಳಗೆ ಉದ್ದ ಮೊಳೆ ಇಳಿಸುವುದನ್ನು 1940ರಲ್ಲೇ ತೋರಿಸಿದ್ದ. ಅದಕ್ಕೂ ಮೊದಲು ತೊಡೆ ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ಎರಡು ಮೂರು ತಿಂಗಳು ಮಂಚಕ್ಕೆ ಅಂಟಿರಬೇಕಿತ್ತು. ಬೆನ್ನಿಗೆ ಹುಣ್ಣು, ಕಾಲು ಗಿಡ್ಡ, ಮೊಣಕಾಲು ಬಿಗಿ. ಆಪರೇಷನ್ ನಡೆಯುವಾಗಲೇ ಎಲುಬು ತೋರಿಸುವ ಸಿ-ಆರ್ಮ್ ಯಂತ್ರವೂ, ಎರಡೂ ತುದಿಗೆ ಸ್ಕ್ರೂ ಹಾಕುವ ಮೊಳೆಯೂ ಬಂದ ಮೇಲೆ ಕೆಲವೇ ದಿನಗಳಲ್ಲಿ ವಾಕರ್ ಹಿಡಿಸಿ ನಿಲ್ಲಿಸುವುದು ಸಾಧ್ಯವಾಯಿತು.

ಹೊಸ ತೊಂದರೆ ಲೋಹದ ಜೊತೆಗೇ ಬಂತು. ಲೋಹಕ್ಕೆ ಅಂಟಿದ ಕ್ರಿಮಿ ತನ್ನ ಸುತ್ತ ಪೊರೆ ಕಟ್ಟಿಕೊಂಡರೆ ಔಷಧಿಗೆ ಬಗ್ಗುವುದಿಲ್ಲ. ಎಲುಬು ಕೂಡುವ ಮೊದಲೇ ಕಾಲಿನ ಮೇಲೆ ಪೂರಾ ಭಾರ ಹಾಕಿದರೆ ಪ್ಲೇಟು ದಣಿದು ಮುರಿಯುತ್ತದೆ. ಬಿತ್ತನೆ ಹೊತ್ತಿಗೆ ಹೊಲ ಬಿಟ್ಟು ಕೂಡುವುದು ಯಾವ ರೈತನಿಗಾದೀತು? ಬೀಡಿ, ಸಕ್ಕರೆ ಕಾಯಿಲೆ ಎರಡೂ ಎಲುಬು ಕೂಡುವುದನ್ನು ತಡೆಯುತ್ತವೆ. ಕೀವಾಗಿ ಎಲುಬಿನ ತುಂಡೇ ಕಳೆದವರಿಗೆ ಆಸರೆಯಾದದ್ದು ರಷ್ಯಾದ ಕುರ್ಗಾನ್‌ನಲ್ಲಿ ಇಲಿಜಾರೊವ್ 1950ರ ದಶಕದಲ್ಲಿ ರೂಪಿಸಿದ ಬಳೆ-ತಂತಿಗಳ ಫ್ರೇಮು. ದಿನಕ್ಕೆ ಒಂದು ಮಿಲಿಮೀಟರಿನಂತೆ ಹೊಸ ಎಲುಬು ಬೆಳೆಸಬಹುದು. ಆದರೆ ತಿಂಗಳುಗಟ್ಟಲೆ ಆ ತಂತಿಗಳ ಬುಡ ಸ್ವಚ್ಛ ಇಡಬೇಕು, ದನದ ಕೊಟ್ಟಿಗೆ ಮಗ್ಗುಲಿಗೇ ಇರುವ ಮನೆಯಲ್ಲಿ. ಛಿದ್ರವಾದ ಕಾಲನ್ನು ಉಳಿಸುವುದೋ ತೆಗೆಯುವುದೋ ಎಂಬುದಕ್ಕೆ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು 2006ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಈಗ ಹೊರದೇಶಗಳಲ್ಲೂ ಬಳಕೆಯಲ್ಲಿದೆ. ಸರಳವಾಗಿ ಹೇಳುವುದಾದರೆ 14 ಮತ್ತು ಅದಕ್ಕಿಂತ ಕಡಿಮೆ ಬಂದರೆ ಉಳಿಸಲು ನೋಡುತ್ತಾರೆ, 17 ಮುಟ್ಟಿದರೆ ಕಷ್ಟ.

ಖರ್ಚಿನ ಮಾತಿಗೆ ಬಂದರೆ 2003ರಲ್ಲಿ ಬಂದ ಯಶಸ್ವಿನಿ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಗಳು ಆಪರೇಷನ್ನಿನ ಭಾರ ಇಳಿಸಿವೆ. ಕಳೆದುಹೋದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ.

ಇಷ್ಟಾಗಿ ಆಪರೇಷನ್ ಚೆನ್ನಾಗಿ ಆಯಿತು ಅನ್ನುವುದು ಯಾವಾಗ? ಚಪ್ಪಿಯ ಕೀಲಿಗೆ ಜಗತ್ತಿನಲ್ಲೆಲ್ಲ ಬಳಸುವ ಹ್ಯಾರಿಸ್ ಅಂಕಪಟ್ಟಿ 1969ರದು, ಒಟ್ಟು 100 ಅಂಕ. ಕಾಲುಚೀಲ, ಬೂಟು ಹಾಕಿಕೊಳ್ಳಲು ಬಂದರೆ 4, ಕುರ್ಚಿಯಲ್ಲಿ ಒಂದು ತಾಸು ಆರಾಮಾಗಿ ಕೂತರೆ 5, ಸಾರ್ವಜನಿಕ ವಾಹನ ಹತ್ತಿದರೆ 1. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಲು, ಕಳೆ ತೆಗೆಯಲು, ಕುಕ್ಕರಗಾಲಲ್ಲಿ ಕೂರಲು ಅದರಲ್ಲಿ ಅಂಕವಿಲ್ಲ. ಕಲಘಟಗಿ ಕಡೆಯ ಒಂದು ಮನೆಯಲ್ಲಿ, ಬಚ್ಚಲಲ್ಲಿ ಜಾರಿ ಚಪ್ಪಿ ಮುರಿದುಕೊಂಡ ಅಜ್ಜಿಗಾಗಿ ಪ್ಲಾಸ್ಟಿಕ್ ಕುರ್ಚಿಯ ನಡುವೆ ದುಂಡಗೆ ಕೊರೆದು ಪಾಯಿಖಾನೆಗೆ ಇಟ್ಟಿದ್ದರು. ಎಕ್ಸ್‌ರೇಯಲ್ಲಿ ಎಲ್ಲ ನೆಟ್ಟಗಿತ್ತು. ‘ಎಲುಬು ಕೂಡೈತಂತ್ರೀ, ಡಾಕ್ಟರ್ ಹೇಳ್ಯಾರ,’ ಅಂದಳು ಅಜ್ಜಿ. ‘ಆದ್ರ ಎಮ್ಮಿ ಹಿಂಡಾಕ ಕುಂದ್ರಾಕ ಬರವಲ್ದು. ಅದು ಸೊಸಿ ಕೈಗೆ ಹಾಲ ಇಳಸೂದಿಲ್ಲ.’